ಗಟ್ಟಿ ನೆಲವಿಲ್ಲದ ಸೂರ್ಯನಿಗೂ ರೇಖಾಂಶ

ಗಟ್ಟಿ ನೆಲವೇ ಇಲ್ಲದ ಸೂರ್ಯನ ಮೇಲೆ ಒಂದು ಸ್ಥಾನವನ್ನು ಗುರುತಿಸುವುದು ಹೇಗೆ ಎಂಬ ಪ್ರಶ್ನೆ ಇಂದು ನನ್ನನ್ನು ಬಹಳ ಹೊತ್ತು ಹಿಡಿದಿಟ್ಟಿತು. ಸಮಭಾಜಕದ ಭಾಗ ಸುಮಾರು 25 ದಿನಗಳಲ್ಲಿ ಒಂದು ಸುತ್ತು ಮುಗಿಸಿದರೆ ಧ್ರುವಗಳ ಬಳಿಯ ಅನಿಲಕ್ಕೆ ಸುಮಾರು 35 ದಿನಗಳು ಬೇಕು. ಹೀಗಾಗಿ ಇಂದು ಒಂದೇ ರೇಖಾಂಶದಲ್ಲಿರುವ ಎರಡು ಸೌರಕಲೆಗಳು (ಸೂರ್ಯನ ಮೇಲೆ ಕಾಣುವ ಕಪ್ಪು ಮಚ್ಚೆಗಳು), ಅಕ್ಷಾಂಶ ಬೇರೆಯಾಗಿದ್ದರೆ, ದಿನ ಕಳೆದಂತೆ ಪರಸ್ಪರ ದೂರ ಸರಿಯುತ್ತವೆ. 1853ರಿಂದ 1861ರವರೆಗೆ ಆ ಕಲೆಗಳನ್ನು ಅಪಾರ ತಾಳ್ಮೆಯಿಂದ ಅಳೆದು ಈ ವ್ಯತ್ಯಾಸವನ್ನು ಸ್ಪಷ್ಟಪಡಿಸಿದ ಇಂಗ್ಲೆಂಡಿನ ಖಗೋಳವಿಜ್ಞಾನಿ ರಿಚರ್ಡ್ ಕ್ಯಾರಿಂಗ್ಟನ್, 25.38 ದಿನಗಳ ಅವಧಿಯನ್ನು ಆಧಾರವಾಗಿ ಆರಿಸಿಕೊಂಡರು. ಸೂರ್ಯ ತಿರುಗುವ ದಿಕ್ಕಿನಲ್ಲೇ ಭೂಮಿಯೂ ಅದರ ಸುತ್ತ ಸಾಗುವುದರಿಂದ ನಮಗದು ಸುಮಾರು 27.28 ದಿನಗಳಾಗಿ ತೋರುತ್ತದೆ. 1853ರ ನವೆಂಬರ್ 9ರಂದು ಆರಂಭವಾದ ಸುತ್ತನ್ನು ಮೊದಲನೆಯದೆಂದು ಎಣಿಸಿ, ಅದೇ ವೇಗದಲ್ಲಿ ತಿರುಗುವ ಕಲ್ಪಿತ ರೇಖೆಯೊಂದರಿಂದ ಇಂದಿಗೂ ಸೌರ ರೇಖಾಂಶಗಳನ್ನು ಅಳೆಯುತ್ತಾರೆ ಎಂಬುದು ನನಗೆ ನಿಜಕ್ಕೂ ಗೌರವ ಮೂಡಿಸುವ ಸಂಗತಿ.