ವೇ ಬ್ರಿಡ್ಜ್‌ನ ಪೆಟ್ರಿ ನೆಟ್: ಮೂರನೆಯ ವಾರದ ಟಿಪ್ಪಣಿ

ಮೆಕ್ಕೆಜೋಳದ ಸುಗ್ಗಿಯಲ್ಲಿ ದಾವಣಗೆರೆಯ ಹೊರವಲಯದ ಗೋದಾಮೊಂದಕ್ಕೆ ಬರುವ ಲಾರಿಗಳ ಓಡಾಟವನ್ನು ಸ್ಟೊಕಾಸ್ಟಿಕ್ ಪೆಟ್ರಿ ನೆಟ್ (ಸ್ಥಾನಗಳನ್ನೂ ಘಟನೆಗಳನ್ನೂ ಬಾಣಗಳಿಂದ ಜೋಡಿಸಿ, ಘಟನೆಗಳಿಗೆ ಯಾದೃಚ್ಛಿಕ ವಿಳಂಬ ಕೊಟ್ಟ ನಕ್ಷೆ) ಆಗಿ ಬರೆಯುವ ಕೆಲಸ ಈ ವಾರ ಒಂದು ಹಂತಕ್ಕೆ ಬಂದಿದೆ. ಲೋಡಿನ ಲಾರಿ ವೇ ಬ್ರಿಡ್ಜ್ ಹತ್ತಿ ತೂಗಿಸಿಕೊಂಡು ಒಳಗೆ ಹೋಗುತ್ತದೆ, ಹಮಾಲರು ಚೀಲ ಇಳಿಸುತ್ತಾರೆ, ಖಾಲಿ ಲಾರಿ ಅದೇ ವೇ ಬ್ರಿಡ್ಜ್ ಮೇಲೆ ಮತ್ತೆ ತೂಗಿಸಿಕೊಂಡು ಹೊರಬೀಳುತ್ತದೆ. ನಾಲ್ಕು ಲಾರಿ, ಎರಡು ಇಳಿಸುವ ಜಾಗ, ಒಂದು ವೇ ಬ್ರಿಡ್ಜ್ ಎಂದು ಇಟ್ಟುಕೊಂಡಾಗ ನೆಟ್‌ನಲ್ಲಿ 7 ಸ್ಥಾನಗಳೂ (ಎಲ್ಲಿ ಎಷ್ಟು ಲಾರಿ, ಏನೇನು ಖಾಲಿ ಎಂದು ಹೇಳುವವು) 5 ಟ್ರಾನ್ಸಿಷನ್‌ಗಳೂ (ಅವನ್ನು ಬದಲಿಸುವ ಘಟನೆಗಳು) ಆದವು.

ಕಳೆದ ವಾರ ಪ್ರತಿ ಟ್ರಾನ್ಸಿಷನ್ನಿಗೂ ಘಾತೀಯ ವಿತರಣೆಯ (ಎಷ್ಟು ಹೊತ್ತು ಕಾದಿದ್ದರೂ ಉಳಿದ ಕಾಯುವಿಕೆಯ ಅಂದಾಜು ಬದಲಾಗದ) ದರ ಕೊಟ್ಟು, ಅದರಿಂದ ಬರುವ ಮಾರ್ಕೋವ್ ಸರಪಳಿಯನ್ನು (ಮುಂದಿನ ಸ್ಥಿತಿ ಈಗಿನ ಸ್ಥಿತಿಯನ್ನಷ್ಟೇ ಅವಲಂಬಿಸುವ ಮಾದರಿ) ಬಿಡಿಸಿದರೆ, ದೀರ್ಘಾವಧಿಯಲ್ಲಿ ಹೊರಬೀಳುವ ಲಾರಿಗಳ ದರ ಸೊನ್ನೆ ಎಂದು ಬಂತು. ಎರಡು ಸಂಜೆ ದರಗಳನ್ನೇ ತಿದ್ದುತ್ತ ಕುಳಿತದ್ದು ದಂಡವಾಯಿತು. ಮೊದಲು ರಚನೆಯನ್ನು ನೋಡಬೇಕಿತ್ತು. ಘಾತೀಯ ವಿಳಂಬ ಎಷ್ಟು ಚಿಕ್ಕದೂ ಎಷ್ಟು ದೊಡ್ಡದೂ ಆಗಬಹುದಾದ್ದರಿಂದ, ಕಾಲವಿಲ್ಲದ ನೆಟ್ ತಲುಪುವ ಸ್ಥಿತಿಗಳನ್ನೆಲ್ಲ ಈ ನೆಟ್ಟೂ ತಲುಪುತ್ತದೆ.

ಇನ್ಸಿಡೆನ್ಸ್ ಮ್ಯಾಟ್ರಿಕ್ಸ್‌ನಿಂದ (ಪ್ರತಿ ಟ್ರಾನ್ಸಿಷನ್ ಪ್ರತಿ ಸ್ಥಾನವನ್ನು ಎಷ್ಟು ಬದಲಿಸುತ್ತದೆ ಎಂಬ ಕೋಷ್ಟಕ) ಮೂರು ಸ್ಥಾನ-ಇನ್ವೇರಿಯಂಟ್‌ಗಳು, ಅಂದರೆ ಎಂದೂ ಬದಲಾಗದ ಮೊತ್ತಗಳು, ಸಿಕ್ಕವು: ಲಾರಿಗಳ ಒಟ್ಟು ಸಂಖ್ಯೆ 4, ವೇ ಬ್ರಿಡ್ಜ್‌ನದು 1, ಇಳಿಸುವ ಜಾಗದ್ದು 2. ಇವು ಒಪ್ಪುವ ಸ್ಥಿತಿಗಳು 18. ಕೈಯಾರೆ ಪಟ್ಟಿ ಮಾಡಿದಾಗ ನಿಜವಾಗಿ ತಲುಪುವಂಥವು 15 ಮಾತ್ರ. ಐದೂ ಟ್ರಾನ್ಸಿಷನ್ ಒಂದೊಂದು ಬಾರಿ ನಡೆದರೆ ಆರಂಭದ ಸ್ಥಿತಿಗೇ ಮರಳುತ್ತೇವೆ ಎಂದು ಟ್ರಾನ್ಸಿಷನ್-ಇನ್ವೇರಿಯಂಟ್ ಹೇಳುತ್ತದೆಯಾದರೂ, ಆ ಸುತ್ತು ಎಲ್ಲ ಸ್ಥಿತಿಯಿಂದಲೂ ಪೂರ್ಣವಾಗುತ್ತದೆ ಎಂಬ ಭರವಸೆ ಅದರಲ್ಲಿಲ್ಲ.

ತೊಡಕು ಸೈಫನ್‌ನಲ್ಲಿತ್ತು. 'ವೇ ಬ್ರಿಡ್ಜ್ ಖಾಲಿ', 'ಜಾಗ ಖಾಲಿ', 'ಖಾಲಿ ಲಾರಿ ತೂಕದಲ್ಲಿ' ಎಂಬ ಮೂರು ಸ್ಥಾನಗಳ ಗುಂಪು ಒಮ್ಮೆ ಬರಿದಾದರೆ ಮತ್ತೆಂದೂ ತುಂಬುವುದಿಲ್ಲ. ಲೋಡಿನ ಲಾರಿ ವೇ ಬ್ರಿಡ್ಜ್ ಮೇಲೇ ನಿಂತು ಜಾಗಕ್ಕೆ ಕಾಯುತ್ತದೆ, ಒಳಗಿನ ಎರಡೂ ಖಾಲಿ ಲಾರಿಗಳು ವೇ ಬ್ರಿಡ್ಜ್‌ಗೆ ಕಾಯುತ್ತವೆ. ಇದೇ ಬಿಕ್ಕಟ್ಟನ್ನು ಆ ಅಂಗಳದಲ್ಲಿ ಒಂದು ಸಂಜೆ ಕಣ್ಣಾರೆ ಕಂಡಿದ್ದೆ. ಹಮಾಲರೊಬ್ಬರು ಬೀಡಿ ಆರಿಸಿ ಎದ್ದು, ಕೈಬೀಸಿ ಲೋಡಿನ ಲಾರಿಯನ್ನು ಹಿಂದಕ್ಕೆ ತೆಗೆಸಿದ್ದರು. ನನ್ನ ನೆಟ್‌ಗೆ ರಿವರ್ಸ್ ಗೇರ್ ಇರಲಿಲ್ಲ.

ರಿವರ್ಸ್ ಸೇರಿಸುವ ಬದಲು, ವೇ ಬ್ರಿಡ್ಜ್ ಹತ್ತುವ ಮೊದಲೇ ಲಾರಿ ಒಳಗಿನ ಜಾಗವನ್ನು ಕಾದಿರಿಸಬೇಕೆಂದು ಒಂದು ಬಾಣವನ್ನು ಸ್ಥಳಾಂತರಿಸಿದೆ. ಸ್ಥಿತಿಗಳು 12ಕ್ಕೆ ಇಳಿದವು, ಸಿಲುಕುವ ಸ್ಥಿತಿ ಒಂದೂ ಉಳಿಯಲಿಲ್ಲ.

ಚೀಲ ಇಳಿಸುವ ಸಮಯವನ್ನು ಒಂದೇ ಘಾತೀಯ ವಿಳಂಬವಾಗಿ ಹಿಡಿದದ್ದು ಮಾತ್ರ ನನಗಿನ್ನೂ ಒಪ್ಪಿಗೆಯಿಲ್ಲ. ನೂರಾರು ಚೀಲಗಳು ಒಂದಾದ ಮೇಲೊಂದು ಇಳಿಯುವ ಕೆಲಸವದು. ಮುಂದಿನ ವಾರ ಅದನ್ನು ನಾಲ್ಕು ಹಂತಗಳ ಎರ್ಲಾಂಗ್ (ಒಂದಾದ ಮೇಲೊಂದು ಬರುವ ನಾಲ್ಕು ಘಾತೀಯ ವಿಳಂಬಗಳ ಮೊತ್ತ) ಆಗಿ ಒಡೆದು ನೋಡುತ್ತೇನೆ.