‘ಲರ್ನ್’ ಪದ, ಒಂದೇ ಕಾಲಮ್ಮು, ತಪ್ಪು ಆನ್ಸರ್ ಕೀ

ಇಂಗ್ಲಿಷ್ ಕಲಿಸುವ ಒಂದು ಆಪ್‌ನ ಕಂಟೆಂಟ್ ಟೀಮಿನಲ್ಲಿ ನನ್ನ ಕೆಲಸ. ಐಟಂ, ಅಂದರೆ ಟೆಸ್ಟಿನ ಪ್ರಶ್ನೆ, ಬರೆಯುವುದು, ಬೇರೆಯವರು ಬರೆದದ್ದನ್ನು ರಿವ್ಯೂ ಮಾಡುವುದು, ಕೊನೆಗೆ ಕೀ, ಅಂದರೆ ಸರಿಯುತ್ತರ, ಲಾಕ್ ಮಾಡುವುದು. ಕೆಲ ಕಾಲದ ಹಿಂದೆ ಒಂದು ಲೈವ್ ಟೆಸ್ಟಿನಲ್ಲಿ ನಡೆದದ್ದು ಈಗಲೂ ಚುಚ್ಚುತ್ತದೆ. ಅಂದು ಅಂಕ ಕಳೆದುಕೊಳ್ಳಲಿದ್ದವರು ಭಾಷೆಯನ್ನು ಸರಿಯಾಗಿ ಬಲ್ಲವರು.

ವಾಕ್ಯ ಇಷ್ಟೇ: ‘ಶೀ ಲರ್ನ್ಡ್ ದಟ್ ದ ಮೀಟಿಂಗ್ ವಾಸ್ ಕ್ಯಾನ್ಸಲ್ಡ್.’ ಅಡಿಗೆರೆ ಎಳೆದ ಪದಕ್ಕೆ ಹತ್ತಿರದ ಅರ್ಥ ಆರಿಸಬೇಕು. ಆಯ್ಕೆಗಳು ಸ್ಟಡೀಡ್, ಮೆಮೊರೈಸ್ಡ್, ಫೌಂಡ್ ಔಟ್, ಟಾಟ್. ಸಿಸ್ಟಮ್ಮಿನ ಪ್ರಕಾರ ಸರಿಯುತ್ತರ ‘ಸ್ಟಡೀಡ್’. ಅಂದರೆ ಮೀಟಿಂಗ್ ರದ್ದಾದ ವಿಷಯವನ್ನು ಅವಳು ಕೂತು ಅಭ್ಯಾಸ ಮಾಡಿದಳು!

ಆ ಕೀಯನ್ನು ಯಾರೂ ಕೈಯಾರೆ ಹಾಕಿರಲಿಲ್ಲ. ಪ್ರಶ್ನೆ ತಯಾರಿಸುವ ಹೊಸ ಆಥರಿಂಗ್ ಟೂಲ್ ಬಂದ ಮೇಲೆ ಸಿನೊನಿಮ್ ಕಾಲಮ್ಮಿನ ಮೊದಲ ಪದ ತಾನಾಗಿಯೇ ಕೀಗೆ ಹೋಗಿ ಕೂರುತ್ತಿತ್ತು. ಒಂದು ಪದಕ್ಕೆ ಒಂದು ಸಾಲು, ಒಂದು ಸಾಲಿಗೆ ಒಂದು ಕಾಲಮ್ಮು, ಅದರೊಳಗೆ ಕಾಮಾ ಹಾಕಿ ಸುರಿದ ಸಮಾನಾರ್ಥಕಗಳು. ‘ಲರ್ನ್’ ಎದುರಿಗೆ ಸ್ಟಡಿ, ಮೆಮೊರೈಸ್, ಪಿಕ್ ಅಪ್, ಫೈಂಡ್ ಔಟ್, ಡಿಸ್ಕವರ್, ಹಿಯರ್, ಮಾಸ್ಟರ್, ಗ್ರಾಸ್ಪ್ ಎಲ್ಲವೂ ಒಟ್ಟೊಟ್ಟಿಗೆ. ಯಾವುದು ಯಾವ ಅರ್ಥಕ್ಕೆ ಸೇರಿದ್ದು ಎಂದು ಹೇಳುವ ಜಾಗವೇ ಆ ಶೀಟಿನಲ್ಲಿ ಇರಲಿಲ್ಲ. ರಿವ್ಯೂ ಸಮಯವೆಲ್ಲ ‘ಯುಬಿಕ್ವಿಟಸ್’, ‘ಅಮೆಲಿಯೊರೇಟ್’ ಥರದ ಕಠಿಣ ಪದಗಳಿಗೆ ಹೋಗಿತ್ತು. ‘ಲರ್ನ್’ ಯಾರಿಗೆ ಗೊತ್ತಿಲ್ಲ ಎಂದು ಆ ಸಾಲನ್ನು ಯಾರೂ ತೆರೆದು ನೋಡಿರಲಿಲ್ಲ.

ಟೆಸ್ಟ್ ವಿಂಡೋ ಮುಚ್ಚಿ, ರಿಸಲ್ಟ್ ಆಟೊ-ಪಬ್ಲಿಶ್ ಆಗುವುದಕ್ಕೆ ಸ್ವಲ್ಪ ಹೊತ್ತಿರುವಾಗ ಸಪೋರ್ಟ್ ಕ್ಯೂನಲ್ಲಿ ಟಿಕೆಟ್ ಬಂತು. ಒಬ್ಬ ಅಭ್ಯರ್ಥಿ ಪ್ರಾಕ್ಟೀಸ್ ಮೋಡ್‌ನಲ್ಲಿ ಅದೇ ಐಟಂ ನೋಡಿ, ‘ಫೌಂಡ್ ಔಟ್ ಯಾಕೆ ತಪ್ಪು, ದಯವಿಟ್ಟು ತಿಳಿಸಿ’ ಎಂದು ಕೇಳಿದ್ದರು. ಆ ವಿನಯ ನೋಡಿ ನನಗೆ ಇನ್ನಷ್ಟು ಸಂಕಟವಾಯಿತು. ಅವರು ತಮ್ಮನ್ನೇ ಅನುಮಾನಿಸುತ್ತಿದ್ದರು.

ಕೂಡಲೇ ಕಾಲ್ ಆಯಿತು. ಮ್ಯಾನೇಜರ್ ಮೊದಲು ಹೇಳಿದ್ದು, ‘ಒಂದೇ ಐಟಂ ಅಲ್ವಾ, ಪಬ್ಲಿಶ್ ಆದಮೇಲೆ ನೋಡೋಣ.’ ನಾನು ಒಪ್ಪಲಿಲ್ಲ. ಒಮ್ಮೆ ಕೈಸೇರಿದ ಅಂಕ ಆಮೇಲೆ ಬದಲಾದರೆ ಯಾರೂ ನಂಬುವುದಿಲ್ಲ. ಡೆವಲಪರ್ ಹುಡುಗ ಆಗಲೇ ಸ್ಕ್ರೀನ್ ಶೇರ್ ಮಾಡಿದ್ದ. ‘ಮೇಡಂ, ಸಿಂಪಲ್. ಕಾಲಮ್ಮಲ್ಲಿ ಫೈಂಡ್ ಔಟನ್ನ ಮೇಲಕ್ಕೆ ತರ್ತೀನಿ, ರೀಸ್ಕೋರ್ ಸ್ಕ್ರಿಪ್ಟ್ ಓಡಿಸ್ತೀನಿ. ನೀವು ಹ್ಞೂಂ ಅನ್ನಿ ಸಾಕು.’

ಕರ್ಸರ್ ‘ರನ್’ ಬಟನ್ನಿನ ಮೇಲೆ ನಿಂತಿತ್ತು. ಕೇಳಿದಾಗ ಸರಿಯೆಂದೇ ಅನ್ನಿಸಿತು. ಆದರೆ ಆ ಸಾಲನ್ನು ಬೇರೆ ಯಾವ ಐಟಂಗಳು ಬಳಸುತ್ತಿವೆ ಎಂದು ಒಮ್ಮೆ ಫಿಲ್ಟರ್ ಹಾಕಿಸಿದೆ. ಅದೇ ಟೆಸ್ಟಿನ ಬೇರೆ ಸೆಟ್‌ಗಳಲ್ಲಿ ಇನ್ನೂ ಹಲವು ಇದ್ದವು. ‘ಹೀ ಲರ್ನ್ಡ್ ದ ಪೊಯೆಮ್ ಇನ್ ಒನ್ ನೈಟ್’ ಎಂಬಲ್ಲಿ ಬೇಕಾದದ್ದು ಮೆಮೊರೈಸ್ಡ್. ‘ದೇ ಆರ್ ಲರ್ನಿಂಗ್ ಟು ಸ್ವಿಮ್’ ಎಂಬಲ್ಲಿ ಸ್ಟಡಿಯೂ ಕೂರುವುದಿಲ್ಲ, ಫೈಂಡ್ ಔಟ್ ಅಂತೂ ಇಲ್ಲವೇ ಇಲ್ಲ. ‘ಲರ್ನ್ ಫ್ರೆಂಚ್’ ಇದ್ದ ಒಂದೇ ಐಟಂಗೆ ಸ್ಟಡಿ ಹೇಗೋ ಹೊಂದುತ್ತಿತ್ತು, ಬಟನ್ ಒತ್ತಿದ್ದರೆ ಅದೂ ಕೆಡುತ್ತಿತ್ತು. ಒಂದು ತಪ್ಪು ಕೀ ಹೋಗಿ ಇನ್ನೊಂದು ತಪ್ಪು ಕೀ ಬರುತ್ತಿತ್ತು, ಅದೂ ಎಲ್ಲ ಸೆಟ್‌ಗಳಿಗೆ ಒಟ್ಟಿಗೆ.

‘ತಡಿ, ಒತ್ತಬೇಡ’ ಎಂದೆ. ಮೊದಲು ಆಟೊ-ಪಬ್ಲಿಶ್ ಹೋಲ್ಡ್ ಮಾಡಿಸಿದೆವು. ಆಮೇಲೆ ಒಂದೊಂದೇ ಐಟಂ ತೆರೆದು, ವಾಕ್ಯ ಗಟ್ಟಿಯಾಗಿ ಓದಿ, ಕೀಯನ್ನು ಕೈಯಿಂದಲೇ ಬದಲಾಯಿಸಿದೆವು. ಈಜಿನ ಐಟಂ ಡ್ರಾಪ್ ಮಾಡಿ ಎಲ್ಲರಿಗೂ ಅಂಕ ಕೊಟ್ಟೆವು. ಅದಕ್ಕೆ ಆಯ್ಕೆಗಳಲ್ಲಿ ಸರಿಯುತ್ತರವೇ ಇರಲಿಲ್ಲ. ರಿಸಲ್ಟ್ ತಡವಾದದ್ದಕ್ಕೆ ಮೇಲಿನಿಂದ ಮೇಲ್ ಬಂತು. ಬರಲಿ.

ಈ ಪದವನ್ನು ಎಳೆಎಳೆಯಾಗಿ ಬಿಡಿಸಿ ನೋಡಿದ್ದು ಆಮೇಲೆಯೇ. ವರ್ಡ್‌ನೆಟ್ ಎಂಬ ಇಂಗ್ಲಿಷ್ ಪದಕೋಶದಲ್ಲಿ ‘ಲರ್ನ್’ ಕ್ರಿಯಾಪದಕ್ಕೆ ಆರು ಅರ್ಥಗಳಿವೆ: ಜ್ಞಾನ ಅಥವಾ ಕೌಶಲ ಗಳಿಸುವುದು, ಸುದ್ದಿ ತಿಳಿಯುವುದು, ಬಾಯಿಪಾಠ ಮಾಡುವುದು, ಒಂದು ವಿಷಯವನ್ನು ವ್ಯಾಸಂಗ ಮಾಡುವುದು, ಕಲಿಸುವುದು, ಪರಿಶೀಲಿಸಿ ಖಚಿತಪಡಿಸಿಕೊಳ್ಳುವುದು. ಪ್ರಿನ್ಸ್‌ಟನ್‌ನಲ್ಲಿ 1985ರಲ್ಲಿ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಅವರ ನೇತೃತ್ವದಲ್ಲಿ ಶುರುವಾದ ಆ ಕೋಶದ ಕಟ್ಟುವಿಕೆಯೇ ಹಾಗೆ. ಸಮಾನಾರ್ಥಕಗಳನ್ನು ಅಲ್ಲಿ ಒಂದೊಂದು ಅರ್ಥಕ್ಕೆ ಬೇರೆ ಬೇರೆಯಾಗಿ ಜೋಡಿಸುತ್ತಾರೆ, ಆ ಗುಂಪಿಗೆ ಸಿನ್‌ಸೆಟ್ ಎಂದು ಹೆಸರು. ಅದಕ್ಕಿಂತ ಎಷ್ಟೋ ಮೊದಲು, 1852ರಲ್ಲಿ, ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯರು ಪ್ರಕಟಿಸಿದ ಥೆಸಾರಸ್ ಕೂಡ ಪದಗಳನ್ನು ಅಕಾರಾದಿಯಾಗಿ ಇಡದೆ ವಿಚಾರಗಳ ಪ್ರಕಾರ ವಿಂಗಡಿಸಿತ್ತು. ಅಷ್ಟು ಹಳೆಯ ತಿಳಿವಳಿಕೆಯನ್ನು ನಮ್ಮ ಟೂಲ್ ಒಂದು ಕಾಮಾದಲ್ಲಿ ಅಳಿಸಿಹಾಕಿತ್ತು.

ಇವುಗಳಲ್ಲಿ ಹೆಚ್ಚು ಕಾಡುವುದು ಸ್ಟಡಿ ಮತ್ತು ಲರ್ನ್ ಜೋಡಿ. ಎರಡೂ ಒಂದೇ ಎಂದು ಎಷ್ಟೋ ಗೈಡುಗಳು ಬರೆದುಬಿಡುತ್ತವೆ. ಸ್ಟಡಿ ಎಂದರೆ ಪ್ರಯತ್ನ, ಲರ್ನ್ ಎಂದರೆ ಆ ಪ್ರಯತ್ನ ಫಲಿಸಿದ್ದು. ‘ಐ ಸ್ಟಡೀಡ್ ಆಲ್ ನೈಟ್ ಬಟ್ ಲರ್ನ್ಡ್ ನಥಿಂಗ್’ ಎನ್ನಬಹುದು. ರಾತ್ರಿಯೆಲ್ಲ ಓದಿದೆ, ಒಂದಕ್ಷರ ತಲೆಗೆ ಹತ್ತಲಿಲ್ಲ ಎಂದು ನಾವು ಹೇಳುವುದೂ ಅದನ್ನೇ. ಅವೆರಡನ್ನು ಅದಲುಬದಲು ಮಾಡಿದರೆ ವಾಕ್ಯಕ್ಕೆ ತಲೆಬುಡ ಇರುವುದಿಲ್ಲ. ಇನ್ನು ಸ್ಟಡಿ ಇಲ್ಲದೆಯೂ ಲರ್ನಿಂಗ್ ಆಗುತ್ತದೆ, ಮಗು ಮಾತು ಕಲಿಯುವುದು ಹಾಗೆಯೇ. ಅದಕ್ಕೆ ಪಿಕ್ ಅಪ್ ಒಪ್ಪುತ್ತದೆ. ಮಾಸ್ಟರ್ ಎಂದರೆ ಪೂರ್ತಿ ಕರಗತವಾಗಬೇಕು. ಗ್ರಾಸ್ಪ್ ಬರುವುದು ವಿಚಾರ ಅರ್ಥವಾದಾಗ, ಈಜಿಗೆ ಅದನ್ನು ಬಳಸಲಾಗದು. ಕ್ರ್ಯಾಮ್‌ನಲ್ಲಿ ಪರೀಕ್ಷೆಯ ಹಿಂದಿನ ದಿನದ ಗಡಿಬಿಡಿ ಇದೆ.

ಪದದ ಹಿಂದೆಮುಂದೆ ಏನಿದೆ ಎಂಬುದೇ ಅರ್ಧ ಉತ್ತರ ಹೇಳಿಬಿಡುತ್ತದೆ. ‘ಲರ್ನ್ ದಟ್’, ‘ಲರ್ನ್ ಆಫ್’ ಬಂದರೆ ಸಾಮಾನ್ಯವಾಗಿ ಸುದ್ದಿ ಗೊತ್ತಾಗುವ ಮಾತು. ‘ಲರ್ನ್ ಟು’ ಮುಂದೆ ಕ್ರಿಯಾಪದ ಬಂದರೆ ಕೌಶಲ. ‘ಲರ್ನ್ ಬೈ ಹಾರ್ಟ್’ ಬಂದರೆ ಕಂಠಪಾಠ. ನಮ್ಮ ಅಭ್ಯರ್ಥಿಗಳಿಗೆ ಇದು ಕಷ್ಟವಾಗಬೇಕಿಲ್ಲ. ಕನ್ನಡದಲ್ಲಿ ಸುದ್ದಿಯನ್ನು ಯಾರೂ ಕಲಿಯುವುದಿಲ್ಲ, ಸುದ್ದಿ ಗೊತ್ತಾಗುತ್ತದೆ. ‘ಫೌಂಡ್ ಔಟ್’ ಒತ್ತಿದವರು ವಾಕ್ಯ ಓದಿ, ಅರ್ಥ ಮಾಡಿಕೊಂಡು ಒತ್ತಿದ್ದರು. ನಾವು ಅವರಿಗೆ ಸೊನ್ನೆ ಕೊಡಲು ಹೊರಟಿದ್ದೆವು.

‘ಟಾಟ್’ ಎಂಬ ನಾಲ್ಕನೆಯ ಆಯ್ಕೆಯ ಬಗ್ಗೆ ರಿವ್ಯೂನಲ್ಲಿ ಜಗಳವೇ ಆಯಿತು. ಹಿಂದೆ ‘ಲರ್ನ್’ ಎಂದರೆ ಕಲಿಸು ಎಂದೂ ಆಗುತ್ತಿತ್ತು, ಕೆಲವು ಆಡುನುಡಿಗಳಲ್ಲಿ ಈಗಲೂ ಆಗುತ್ತದೆ. ಶಿಷ್ಟ ಇಂಗ್ಲಿಷಿನಲ್ಲಿ ಈಗ ಅದು ತಪ್ಪು. ಡಚ್ಚಿನ ‘ಲೇರೆನ್’, ಫ್ರೆಂಚಿನ ‘ಅಪ್ರಾಂದ್ರ್’ ಇವತ್ತಿಗೂ ಕಲಿ, ಕಲಿಸು ಎರಡಕ್ಕೂ ಸಲ್ಲುತ್ತವೆ. ಡಿಸ್ಟ್ರ್ಯಾಕ್ಟರ್, ಅಂದರೆ ಬೇಕೆಂದೇ ಇಡುವ ತಪ್ಪು ಆಯ್ಕೆ, ಆಗಿ ‘ಟಾಟ್’ ಇರಲಿ ಎಂಬುದು ನನ್ನ ವಾದ, ಈ ವಾಕ್ಯಕ್ಕೆ ಅದು ಯಾವ ಲೆಕ್ಕದಲ್ಲೂ ಹೊಂದುವುದಿಲ್ಲ.

ತಪ್ಪಿನ ಮೂಲ ಕಾರಣ ಹುಡುಕುವ ಆರ್‌ಸಿಎ ಮೀಟಿಂಗಿನಲ್ಲಿ ‘ಮ್ಯಾನುಯಲ್ ರಿವ್ಯೂ ಗ್ಯಾಪ್’ ಎಂದು ಬರೆದು ಮುಗಿಸಲು ನೋಡಿದರು. ನಾನು ಬಿಡಲಿಲ್ಲ. ದಿನಕ್ಕೆ ಎಷ್ಟು ಪದ ಕ್ಲೋಸ್ ಮಾಡಿದಿರಿ ಎಂಬುದೊಂದೇ ಲೆಕ್ಕವಾದರೆ ಸುಲಭದ ಪದಗಳನ್ನು ಎಲ್ಲರೂ ಕಣ್ಣುಮುಚ್ಚಿ ಕ್ಲೋಸ್ ಮಾಡುತ್ತಾರೆ. ಹೆಚ್ಚು ಬಳಕೆಯ ಪದಕ್ಕೆ ಅರ್ಥಗಳೂ ಹೆಚ್ಚು ಎಂದು ಭಾಷಾವಿಜ್ಞಾನಿ ಜಾರ್ಜ್ ಕಿಂಗ್ಸ್ಲಿ ಜಿಫ್ 1945ರಲ್ಲೇ ತೋರಿಸಿದ್ದರು. ಹಾಗಿರುವಾಗ ನಮ್ಮ ಟೂಲ್ ‘ಅಮೆಲಿಯೊರೇಟ್’ಗೂ ‘ಲರ್ನ್’ಗೂ ಒಂದೇ ಅವಧಿ ಕೊಡುತ್ತದೆ. ಇದು ರಿವ್ಯೂ ಮಾಡುವವರ ಮೇಲೆ ಹೊರಿಸುವ ತಪ್ಪಲ್ಲ ಎಂದು ಎಲ್ಲರೆದುರಿಗೇ ಹೇಳಿದೆ.

ಈಗ ಸೆನ್ಸ್ ಐಡಿಗೆ, ಅಂದರೆ ಪದದ ಒಂದೊಂದು ಅರ್ಥಕ್ಕೂ ಕೊಡುವ ಗುರುತಿಗೆ, ನಾವೇ ಪಕ್ಕದಲ್ಲಿ ಒಂದು ಶೀಟ್ ಇಟ್ಟುಕೊಂಡಿದ್ದೇವೆ. ಆಯ್ಕೆಯ ಪದವನ್ನು ವಾಕ್ಯದೊಳಗೆ ಇಟ್ಟು ಇಬ್ಬರು ಓದದೆ ಕೀ ಲಾಕ್ ಆಗುವುದಿಲ್ಲ. ಅರ್ಥ ಕೂಡಬೇಕು, ವ್ಯಾಕರಣವೂ ಕೂಡಬೇಕು, ಒಂದು ಕೂಡದಿದ್ದರೂ ಐಟಂ ವಾಪಸ್. ಟೂಲ್‌ನಲ್ಲೇ ಸೆನ್ಸ್ ಐಡಿಯ ಕಾಲಮ್ಮು ಬೇಕೆಂದು ಹಾಕಿದ ಟಿಕೆಟ್ ಬ್ಯಾಕ್‌ಲಾಗ್‌ನಲ್ಲಿ, ಅಂದರೆ ಬಾಕಿ ಕೆಲಸಗಳ ಪಟ್ಟಿಯಲ್ಲಿ, ಇದೆ; ಡೆವಲಪರ್‌ಗಳ ಪ್ರತಿ ಸ್ಪ್ರಿಂಟ್‌ನಲ್ಲೂ (ಕೆಲಸದ ಸುತ್ತಿನಲ್ಲೂ) ಕೇಳುತ್ತೇನೆ. ಮುಂದಿನ ಬ್ಯಾಚ್‌ನಲ್ಲಿ ‘ನೋ’ (ತಿಳಿ ಎಂಬ ಅರ್ಥದ್ದು), ‘ಟೇಕ್’, ‘ಗೆಟ್’ ಇವೆ. ‘ಗೆಟ್’ ಒಂದಕ್ಕೇ ಒಂದು ಪೂರ್ತಿ ದಿನ ಬೇಕೆಂದು ಮೇಲ್ ಹಾಕಿದ್ದೇನೆ.