ಪುರಾವೆ ಕೇಳುವವರು ಯೇಸುವನ್ನು ನಂಬುವುದು ಹೇಗೆ?

ಕ್ರೈಸ್ತ ಸಭೆಗೆ ಸೇರುವ ವಿಧಿಯಾದ ದೀಕ್ಷಾಸ್ನಾನದ ತಯಾರಿಗೆ ಬರುವವರ ಗೆಳೆಯರು, ಮನೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: “ಮೊನ್ನೆ ಮೊನ್ನೆಯವರೆಗೆ ದೇವರೇ ಇಲ್ಲ ಅಂತ ವಾದ ಮಾಡುತ್ತಿದ್ದವರು ಈಗ ಯೇಸುವನ್ನು ನಂಬುತ್ತೇನೆ ಅಂತಾರಲ್ಲ, ಯಾವ ವಾದಕ್ಕೆ ಸೋತರು?”

ಬಹಳ ಮಟ್ಟಿಗೆ ಯಾವ ವಾದಕ್ಕೂ ಅಲ್ಲ. ವಾದ ಬೇಡವೆಂದು ನಾನು ಹೇಳುತ್ತಿಲ್ಲ. ದಾರಿಗೆ ಅಡ್ಡ ಬಿದ್ದ ಕಲ್ಲುಗಳನ್ನು ಅದು ಸರಿಸುತ್ತದೆ. ಆದರೆ ಮನಸ್ಸು ತಿರುಗುವುದು ಬೇರೆ ಕಡೆ. ಅಲ್ಲಿಯವರೆಗೆ ದೇವರನ್ನು ಪರೀಕ್ಷೆ ಮಾಡುತ್ತಿದ್ದವರಿಗೆ ಒಂದು ದಿನ ತಮ್ಮನ್ನೇ ಯಾರೋ ಪೂರ್ತಿ ಬಲ್ಲರು ಎಂಬ ಅರಿವು ಬರುತ್ತದೆ. ಬಚ್ಚಿಟ್ಟದ್ದನ್ನೂ ಬಲ್ಲರು, ಬಲ್ಲರಾದರೂ ದೂರ ತಳ್ಳಿಲ್ಲ. ಕ್ರೈಸ್ತ ನಂಬಿಕೆಯ ಒಳಗಿನ ಮಾತು ಇದೇ ಎಂದು ನನ್ನ ದೃಢವಾದ ಅಭಿಪ್ರಾಯ. ಯೇಸುವಿನ ಅಪೊಸ್ತಲನಾದ ಪೌಲ ಗಲಾತ್ಯದ ಸಭೆಗಳವರಿಗೆ ಬರೆಯುವಾಗ ‘ನೀವು ದೇವರನ್ನು ತಿಳಿದುಕೊಂಡಿದ್ದೀರಿ’ ಎಂದು ಶುರು ಮಾಡಿ, ಅಲ್ಲೇ ತನ್ನನ್ನು ತಿದ್ದಿಕೊಂಡು ‘ದೇವರೇ ನಿಮ್ಮನ್ನು ತಿಳಿದುಕೊಂಡಿದ್ದಾನೆ’ ಎನ್ನುತ್ತಾನೆ.

ಸಂಶಯಪಡುವವರು ಮೊದಲು ಬೈಬಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ಯೋಹಾನನ ಸುವಾರ್ತೆ ಓದಲಿ. ಇರುವುದು 21 ಅಧ್ಯಾಯ, ದಿನಕ್ಕೊಂದರಂತೆ ಮೂರು ವಾರ. ಸಂಶಯಪಟ್ಟವರ ಮಾತನ್ನು ಅದರಲ್ಲಿ ಅಳಿಸಿ ಹಾಕಿಲ್ಲ. ಮೊದಲ ಅಧ್ಯಾಯದಲ್ಲೇ ನತಾನಯೇಲನೆಂಬವನು, ಯೇಸುವಿನ ಊರಾದ ನಜರೇತಿನಿಂದ ಒಳ್ಳೆಯದೇನಾದರೂ ಬರುವುದುಂಟೇ ಎಂದು ಮೂಗು ಮುರಿಯುತ್ತಾನೆ. ಯೇಸು ಅದಕ್ಕೆ ಸಿಟ್ಟಾಗದೆ, ಇವನಲ್ಲಿ ಕಪಟವಿಲ್ಲ ಎನ್ನುತ್ತಾರೆ. ನನ್ನನ್ನು ಹೇಗೆ ಬಲ್ಲೆ ಎಂದು ಕೇಳಿದರೆ, ನೀನು ಅಂಜೂರದ ಮರದ ಕೆಳಗಿದ್ದಾಗಲೇ ಕಂಡೆ ಎಂಬ ಉತ್ತರ. ಆ ಮರದ ಕೆಳಗೆ ಏನು ನಡೆದಿತ್ತೆಂದು ಸುವಾರ್ತೆ ನಮಗೆ ಹೇಳುವುದಿಲ್ಲ. ಅದು ಅವರಿಬ್ಬರಿಗೆ ಮಾತ್ರ ಗೊತ್ತು. 20ನೇ ಅಧ್ಯಾಯದಲ್ಲಿ ಯೇಸು ಸತ್ತು ಎದ್ದರೆಂದು ಕೇಳಿದ ಶಿಷ್ಯ ತೋಮ, ಅವರ ಗಾಯದಲ್ಲಿ ಬೆರಳಿಟ್ಟ ಹೊರತು ನಂಬುವುದಿಲ್ಲ ಎನ್ನುವಾಗ ಯೇಸು ಅಲ್ಲಿ ಇರಲಿಲ್ಲ. ಎಂಟು ದಿನದ ಮೇಲೆ ಬಂದು ಅವನ ಷರತ್ತನ್ನೇ ಅವನ ಮುಂದಿಡುತ್ತಾರೆ. ತೋಮ ಮುಟ್ಟಿ ನೋಡಿದನೆಂದು ಅಲ್ಲಿ ಬರೆದಿಲ್ಲ.

ನಡುವೆ 4ನೇ ಅಧ್ಯಾಯವಿದೆ. ಅದನ್ನು ಮಾತ್ರ ಎರಡು ಸಲ ಓದಬೇಕು, ಒಂದು ಸಲ ಗಟ್ಟಿಯಾಗಿ. ಸಮಾರ್ಯದ ಸುಖರೆಂಬ ಊರಿನ ಹತ್ತಿರ ಯಾಕೋಬನ ಬಾವಿ, ಸುಡುವ ಮಧ್ಯಾಹ್ನ. ನೀರು ಸೇದಲು ಬಂದ ಸಮಾರ್ಯದ ಒಬ್ಬ ಹೆಂಗಸಿನ ಹತ್ತಿರ ಯೇಸು ಮೊದಲು ತಾವೇ ನೀರು ಕೇಳುತ್ತಾರೆ. ಆಮೇಲೆ ಮಾತಿನ ಮಧ್ಯೆ ಆಕೆಗೆ ಐದು ಮಂದಿ ಗಂಡಂದಿರಿದ್ದರೆಂದೂ ಈಗ ಜೊತೆಗಿರುವವನು ಗಂಡನಲ್ಲವೆಂದೂ ಹೇಳುತ್ತಾರೆ. ಪ್ರಸಂಗಗಳಲ್ಲಿ ಆಕೆಯನ್ನು ನಡತೆಗೆಟ್ಟವಳೆಂದು ಹೇಳಿಬಿಡುವುದು ರೂಢಿ. ಮೂಲದಲ್ಲಿ ಹಾಗಿಲ್ಲ. ಐವರಲ್ಲಿ ಎಷ್ಟು ಮಂದಿ ಸತ್ತರೋ, ಎಷ್ಟು ಮಂದಿ ಬಿಟ್ಟುಹೋದರೋ ಯಾರೂ ಬರೆದಿಟ್ಟಿಲ್ಲ. ಯೇಸು ಬೈಯುವುದೂ ಇಲ್ಲ, ಸಮಾಧಾನ ಹೇಳುವುದೂ ಇಲ್ಲ. ನೀನು ಹೇಳಿದ್ದು ನಿಜ ಎನ್ನುತ್ತಾರೆ, ಅಷ್ಟೇ.

ಆಕೆ ಕೂಡಲೇ ಪ್ರಶ್ನೆ ಹಾಕುತ್ತಾಳೆ: ಪೂಜೆ ಈ ಬೆಟ್ಟದಲ್ಲೋ, ಯೆರೂಸಲೇಮಿನಲ್ಲೋ? ಮಾತು ತಪ್ಪಿಸಲು ಹಾಗೆ ಕೇಳಿದಳೆಂದು ಅನೇಕರು ಬರೆಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಯೂದ್ಯರನ್ನೂ ಸಮಾರ್ಯದವರನ್ನೂ ಶತಮಾನಗಳ ಕಾಲ ಬೇರೆ ಮಾಡಿದ್ದ ಪ್ರಶ್ನೆ ಅದು, ಯೇಸು ಅದಕ್ಕೆ ಪೂರ್ತಿ ಉತ್ತರ ಕೊಡುತ್ತಾರೆ. ಆಕೆಯ ಬದುಕು ಬಯಲಾದ ಮೇಲೂ ಆಕೆಯ ಬುದ್ಧಿಗೆ ಮರ್ಯಾದೆ ಉಳಿಯಿತು. ಕೊನೆಗೆ ಕೊಡ ಅಲ್ಲೇ ಬಿಟ್ಟು ಊರೊಳಗೆ ಓಡಿದವಳು, ನಾನು ಮಾಡಿದ್ದನ್ನೆಲ್ಲ ಹೇಳಿದವನನ್ನು ಬಂದು ನೋಡಿ ಎಂದು ಕರೆಯುತ್ತಾಳೆ. ಮುಂದಿನ ಮಾತು ಘೋಷಣೆಯಲ್ಲ, ಪ್ರಶ್ನೆ: ಆತನೇ ಕ್ರಿಸ್ತನಿರಬಹುದೇ? ಸಂಶಯ ಪೂರ್ತಿ ಕರಗುವ ಮೊದಲೇ ನಂಬಿಕೆ ನಡೆಯಲು ಶುರು ಮಾಡಬಹುದೆಂದು ಇಲ್ಲಿ ಕಾಣುತ್ತದೆ.

ಈ ಅಧ್ಯಾಯ ನಮ್ಮ ನೆಲದ ಒಬ್ಬ ಹೆಣ್ಣುಮಗಳ ಬದುಕನ್ನು ತಿರುಗಿಸಿತು. ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಸಂಸ್ಕೃತ ಕಲಿತು, ತಂದೆ-ತಾಯಿ ಇಬ್ಬರನ್ನೂ ಕಳೆದುಕೊಂಡು, ಹಸಿವಿನಲ್ಲಿ ದೇಶ ಸುತ್ತಿ, ಹುಟ್ಟಿನಿಂದ ಬಂದ ನಂಬಿಕೆಯನ್ನೂ ಕಳೆದುಕೊಂಡವರು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಅವರಿಗೆ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ಮದುವೆಯಾಗಿ ಅಸ್ಸಾಮಿನ ಸಿಲ್ಚಾರಿನಲ್ಲಿದ್ದಾಗ ಬಂಗಾಳಿ ಭಾಷೆಯ ಲೂಕನ ಸುವಾರ್ತೆ ಕೈಗೆ ಸಿಕ್ಕಿತು. ಆಸಕ್ತಿ ಹುಟ್ಟಿತು, ನಂಬಿಕೆ ಹುಟ್ಟಲಿಲ್ಲ. 1883ರಲ್ಲಿ ಇಂಗ್ಲೆಂಡಿಗೆ ಹೋದಾಗ, ಅಲ್ಲಿನ ವಾಂಟೇಜ್ ಊರಿನ ಕ್ರೈಸ್ತ ಸನ್ಯಾಸಿನಿಯರು ಲಂಡನ್ನಿನ ಫುಲಂನಲ್ಲಿ ನಡೆಸುತ್ತಿದ್ದ ಆಶ್ರಮ ನೋಡಿದರು. ಸಮಾಜ ಪತಿತೆಯರೆಂದು ಹೊರಹಾಕಿದ ಹೆಂಗಸರನ್ನು ಅಲ್ಲಿ ಗೌರವದಿಂದ ಸಾಕುತ್ತಿದ್ದರು. ಇವರ ಮೇಲೆ ನಿಮಗೇಕೆ ಇಷ್ಟು ಕಾಳಜಿ ಎಂದು ರಮಾಬಾಯಿ ಕೇಳಿದ್ದಕ್ಕೆ ಒಬ್ಬ ಸಿಸ್ಟರ್ ಸಮಾರ್ಯದ ಹೆಂಗಸಿನ ಕಥೆ ಓದಿ ವಿವರಿಸಿದರು. ಪೂರ್ತಿ ಅರಿತವನು ಹೀನಾಯವಾಗಿ ಕಾಣದಿದ್ದ ಆ ಸಂಗತಿ ಅವರೊಳಗೆ ಇಳಿಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ದೀಕ್ಷಾಸ್ನಾನವಾಯಿತು.

ಆದರೆ ಪ್ರಶ್ನೆಗಳು ನಿಲ್ಲಲಿಲ್ಲ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರೆಂಬ ತ್ರಿಯೇಕದ ಬಗ್ಗೆ, ಸಭೆಯ ಅಧಿಕಾರದ ಬಗ್ಗೆ ವಾಂಟೇಜಿನ ಸಿಸ್ಟರ್ ಜೆರಾಲ್ಡಿನ್ ಅವರ ಜೊತೆ ಪತ್ರಗಳಲ್ಲಿ ಜಗಳವೇ ನಡೆಯಿತು. ಒಂದು ಪುರೋಹಿತಶಾಹಿಯ ನೊಗ ಕಳಚಿಕೊಂಡವಳು ಇನ್ನೊಂದಕ್ಕೆ ಕುತ್ತಿಗೆ ಕೊಡಲಾರೆ ಎಂಬುದು ಅವರ ನಿಲುವು. 1907ರಲ್ಲಿ ಬರೆದ ಸಾಕ್ಷ್ಯದಲ್ಲಿ ಅವರು ಹೇಳುವಂತೆ, ದೀಕ್ಷಾಸ್ನಾನವಾಗಿ ಸುಮಾರು ಎಂಟು ವರ್ಷದ ಮೇಲೆ ಅವರಿಗೆ ಹೊಳೆದದ್ದು, ತಾನು ಕ್ರೈಸ್ತ ಧರ್ಮವನ್ನು ಕಂಡುಕೊಂಡೆ, ಕ್ರಿಸ್ತನನ್ನಲ್ಲ ಎಂದು. ಆದ್ದರಿಂದ ಇದು ಒಂದೇ ರಾತ್ರಿಯಲ್ಲಿ ಮುಗಿಯಬೇಕೆಂದು ಯಾರೂ ಒತ್ತಾಯ ಮಾಡಬಾರದು.

ಸುವಾರ್ತೆಯ ಜೊತೆಗೆ ಬೈಬಲಿನ 139ನೇ ಕೀರ್ತನೆ ಇಟ್ಟುಕೊಳ್ಳಿ. 24 ವಚನ, ಐದು ನಿಮಿಷದ ಓದು. ದೇವರು ನನ್ನನ್ನು ಶೋಧಿಸಿ ತಿಳಿದುಕೊಂಡಿದ್ದಾನೆ ಎಂದು ಶುರುವಾಗುತ್ತದೆ. ಏಳನೇ ವಚನಕ್ಕೆ ಬರುವಾಗ ಹಾಡುವವನು ತಪ್ಪಿಸಿಕೊಳ್ಳಲು ಜಾಗ ಹುಡುಕುತ್ತಿದ್ದಾನೆ. ಪೂರ್ತಿ ಅರಿಯಲ್ಪಡುವುದು ಮೊದಲು ಹೆದರಿಸುತ್ತದೆ, ಆ ಹೆದರಿಕೆ ಸಹಜ. 19ರಿಂದ 22ರವರೆಗೆ ದ್ವೇಷದ ಮಾತುಗಳಿವೆ. ಆರಾಧನೆಯಲ್ಲಿ ಇವನ್ನು ಬಿಟ್ಟು ಓದುವುದುಂಟು, ನೀವು ಬಿಡಬೇಡಿ. ಆ ಕೊಳಕನ್ನೂ ಹೊರಹಾಕಿದ ಮೇಲೆಯೇ ಕೊನೆಯ ಎರಡು ವಚನಗಳಲ್ಲಿ, ನನ್ನನ್ನು ಶೋಧಿಸು ಎಂದು ಹಾಡುವವನೇ ಬೇಡಿಕೊಳ್ಳುತ್ತಾನೆ. ಓದಿ ಮುಗಿಸಿ ನಿಮ್ಮ ಮಾತಿನಲ್ಲೇ ಪ್ರಾರ್ಥಿಸಿ. ‘ನೀನು ಇದ್ದೀಯೋ ಇಲ್ಲವೋ ಗೊತ್ತಿಲ್ಲ, ಇದ್ದರೆ ಇದು ನಿನಗೆ ಗೊತ್ತಿರಲಿ’ ಎಂದು ಹೇಳಿ, ಯಾರಿಗೂ ಹೇಳದ ಒಂದೇ ಒಂದು ಸಂಗತಿಯನ್ನು ಹೆಸರಿಟ್ಟು ಹೇಳಿ. ಎಲ್ಲವನ್ನೂ ಒಂದೇ ಸಲ ತೋಡಿಕೊಳ್ಳಲು ಹೋದವರು ಸುಸ್ತಾಗಿ ಬಿಟ್ಟುಬಿಡುತ್ತಾರೆ.

ಇಲ್ಲೊಂದು ನ್ಯಾಯವಾದ ಆಕ್ಷೇಪವಿದೆ. ಅರಿಯಲ್ಪಡಬೇಕೆಂಬ ಹಸಿವು ಎಲ್ಲರಿಗೂ ಇದೆ, ಆ ಹಸಿವೇ ಒಬ್ಬ ದೇವರನ್ನು ಕಟ್ಟಿಕೊಂಡಿತು ಅನ್ನಬಹುದಲ್ಲ? ಅನ್ನಬಹುದು. ಹಸಿವಿದೆ ಎಂದ ಮಾತ್ರಕ್ಕೆ ದೇವರಿದ್ದಾನೆಂದು ಸಾಬೀತಾಗುವುದಿಲ್ಲ, ಇಲ್ಲವೆಂದೂ ಆಗುವುದಿಲ್ಲ. ಆದ್ದರಿಂದಲೇ ಈ ಅನುಭವವನ್ನು ಒಂಟಿಯಾಗಿ ನಿಲ್ಲಿಸಬಾರದು. ಪೌಲ ಸುಮಾರು ಕ್ರಿ.ಶ. 55ರಲ್ಲಿ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ, ಸತ್ತು ಎದ್ದ ಕ್ರಿಸ್ತನನ್ನು ಕಂಡವರ ಪಟ್ಟಿಯಿದೆ. ತಾನು ಬೇರೆಯವರಿಂದ ಪಡೆದುಕೊಂಡದ್ದನ್ನೇ ಒಪ್ಪಿಸಿದ್ದೇನೆ ಎನ್ನುತ್ತಾನೆ. ಕ್ರಿಸ್ತ ಎದ್ದಿಲ್ಲವಾದರೆ ನಿಮ್ಮ ನಂಬಿಕೆ ವ್ಯರ್ಥ ಎಂದೂ ಅಲ್ಲೇ ಬರೆಯುತ್ತಾನೆ. ನಂಬಿಕೆ ಎಲ್ಲಿ ಮುರಿಯಬಹುದೆಂದು ಆತನೇ ಬೆರಳಿಟ್ಟು ತೋರಿಸಿದ್ದಾನೆ. ಪುರಾವೆ ಕೇಳುವವರು ತಮ್ಮ ಪೂರ್ತಿ ಶಕ್ತಿ ಅಲ್ಲಿ ಹಾಕಲಿ.

ಎಡವುವುದು ಹೆಚ್ಚಾಗಿ ಮನುಷ್ಯರ ಮುಂದೆ ತೆರೆದುಕೊಳ್ಳುವಾಗ. ದೇವರು ಬಲ್ಲನೆಂಬ ಮಾತನ್ನು ಹಿಡಿದು, ನಮಗೂ ಎಲ್ಲ ಹೇಳಿ ಎಂದು ಒತ್ತಾಯಿಸುವ ಗುಂಪುಗಳಿವೆ. ಹೇಳಿದ ಗುಟ್ಟು ಮುಂದಿನ ವಾರ ಮೈಕಿನಲ್ಲಿ ‘ಸಾಕ್ಷಿ’ಯಾಗಿ ಬರುತ್ತದೆ. ಪ್ರವಾದನೆಯ ಹೆಸರಿನಲ್ಲಿ ನಿಮ್ಮ ಹಳೆಯ ಸಂಗತಿ ಹೇಳಿ ಬೆರಗುಗೊಳಿಸಿ, ಬೆನ್ನಿಗೇ ಹಣವನ್ನೋ ವಿಧೇಯತೆಯನ್ನೋ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಯೇಸು ತಾವು ಅರಿತದ್ದನ್ನು ಆ ಹೆಂಗಸಿನ ಮೇಲೆ ಹಿಡಿತ ಸಾಧಿಸಲು ಬಳಸಲಿಲ್ಲ. ಒಬ್ಬರ ಹತ್ತಿರ ಹೇಳಿಕೊಳ್ಳಲೇಬೇಕಾದರೆ, ಬೇರೆಯವರ ಗುಟ್ಟನ್ನು ನಿಮ್ಮ ಮುಂದೆ ಎಂದೂ ಹೇಳದವರನ್ನು ಆರಿಸಿ. ಕಥೋಲಿಕ ಗುರುಗಳು ಪಾಪನಿವೇದನೆಯಲ್ಲಿ ಕೇಳಿದ್ದನ್ನು ಯಾರಿಗೂ ಹೇಳುವಂತಿಲ್ಲ, ಬೇಕೆಂದೇ ನೇರವಾಗಿ ಬಯಲು ಮಾಡಿದರೆ ಅವರಿಗೆ ಸಭೆಯಿಂದಲೇ ಬಹಿಷ್ಕಾರ. ಆದರೆ ಆ ಸಂಸ್ಕಾರ ದೀಕ್ಷಾಸ್ನಾನ ಆದವರಿಗೆ. ಆಗದವರು ಅವರ ಜೊತೆ ಖಾಸಗಿಯಾಗಿ ಮಾತನಾಡಬಹುದು, ಸಂಸ್ಕಾರದ ಆ ಕಟ್ಟುಪಾಡು ಅದಕ್ಕೆ ಅನ್ವಯಿಸುವುದಿಲ್ಲ. ಮಾತು ಗುಟ್ಟಾಗಿರುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಕಥೋಲಿಕ ಸಭೆಯಲ್ಲಿ ವಯಸ್ಕರ ದೀಕ್ಷಾಸ್ನಾನದ ತಯಾರಿಯ ಕೊನೆಯ ಹಂತ ಈಸ್ಟರಿಗೆ ಮೊದಲಿನ ತಪಸ್ಸುಕಾಲದಲ್ಲಿ ಬರುತ್ತದೆ. 3, 4, 5ನೇ ಭಾನುವಾರಗಳಂದು ಮೂರು ಪರಿಶೋಧನೆಯ ವಿಧಿಗಳು. ಅವುಗಳಿಗೆ ಗೊತ್ತು ಮಾಡಿದ ಪಾಠಗಳು ಯೋಹಾನನ 4, 9 ಮತ್ತು 11ನೇ ಅಧ್ಯಾಯದವು: ಸಮಾರ್ಯದ ಹೆಂಗಸು, ಯೇಸು ಕಣ್ಣು ಕೊಟ್ಟ ಹುಟ್ಟುಕುರುಡ, ಸತ್ತ ಮೇಲೆ ಯೇಸು ಎಬ್ಬಿಸಿದ ಲಾಜರ. ಯಾರೂ ನಿಮ್ಮನ್ನು ಪ್ರಶ್ನೆ ಕೇಳಿ ಅಂಕ ಹಾಕುವುದಿಲ್ಲ, ಪಾಪಗಳನ್ನು ಎಲ್ಲರೆದುರು ಹೇಳಿಸುವುದೂ ಇಲ್ಲ. ತಲೆ ಬಾಗಿಸಿಯೋ ಮೊಣಕಾಲೂರಿಯೋ ಇರುತ್ತೀರಿ, ಜೊತೆಗಿರುವವರು ನಿಮ್ಮ ಭುಜದ ಮೇಲೆ ಬಲಗೈ ಇಡುತ್ತಾರೆ, ಸಭೆ ನಿಮಗಾಗಿ ಪ್ರಾರ್ಥಿಸುತ್ತದೆ. ದೀಕ್ಷಾಸ್ನಾನ, ಯೇಸು ಎದ್ದ ಹಬ್ಬವಾದ ಈಸ್ಟರಿನ ಜಾಗರಣೆಯ ರಾತ್ರಿ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಕ್ರಮ ಸಭೆಯಿಂದ ಸಭೆಗೆ ಬೇರೆ, ಅಲ್ಲಿನ ಸಭಾಪಾಲಕರನ್ನೇ ಕೇಳಬೇಕು. ಯಾವ ಸಭೆಯಾದರೂ, ಮನೆಯವರಿಗೆ ದಿನ ಗೊತ್ತಾದ ಮೇಲಲ್ಲ, ಓದಲು ಶುರು ಮಾಡಿದಾಗಲೇ ತಿಳಿಸುವುದು ಒಳ್ಳೆಯದು. ಬೇರೆಯವರ ಬಾಯಿಂದ ಕೇಳಿದಾಗಲೇ ಅವರಿಗೆ ಹೆಚ್ಚು ನೋವಾಗುವುದು.

21 ಅಧ್ಯಾಯ ಮುಗಿದರೂ ನಂಬಿಕೆ ಬರದೆ ಇರಬಹುದು. ಆಗಲೂ ಆರಾಧನೆಗೆ ಬಂದು ಕೂರಬಹುದು, ಯಾರೂ ತಡೆಯುವುದಿಲ್ಲ. ಪ್ರಸಾದಕ್ಕೆ, ಅಂದರೆ ಕ್ರಿಸ್ತನ ಹೆಸರಿನ ಪವಿತ್ರ ರೊಟ್ಟಿಗೆ, ಎಲ್ಲರೂ ಎದ್ದು ಹೋಗುವಾಗ ಕೂತಲ್ಲೇ ಇರಿ. ಸಭೆ ತನ್ನ ನಂಬಿಕೆಯನ್ನು ಒಟ್ಟಾಗಿ ಸಾರುವ ವಿಶ್ವಾಸಪ್ರಮಾಣ ಹೇಳುವಾಗ ನೀವು ನಂಬದ ಸಾಲನ್ನು ಹೇಳದೆ ಬಿಡಿ. ಯಾಕೆಂದು ಯಾರಾದರೂ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ.